ಅಕ್ಕ ಕೈಬಿಟ್ಟ ಎಂಜಿನ್ನು

ಕೆರೆಯಂಗಳಕ್ಕೆ ಕರೆಂಟಿನ ಕಂಬ ಆಗಿನ್ನೂ ಬಂದಿರಲಿಲ್ಲ. ರಾವಂದೂರಿನ ಸುತ್ತಮುತ್ತ ನಮ್ಮಂಥ ಊರುಗಳಲ್ಲಿ ಬೇಸಿಗೆ ಬಂತೆಂಬುದು ಮೊದಲು ಮೂಗಿಗೆ ತಿಳಿಯುತ್ತಿತ್ತು. ಬೇವು ಹೂಬಿಡುವ ಮುಂಚೆಯೇ ಕೆರೆಯ ಕಡೆಯಿಂದ ಸುಟ್ಟ ಡೀಸೆಲ್ಲಿನ ವಾಸನೆ ಊರೊಳಕ್ಕೆ ಬರುತ್ತಿತ್ತು. ನೀರು ಹಿಂದೆ ಸರಿದ ಜಾಗದಲ್ಲಿ ಎಲ್ಲರೂ ಹೊಗೆಸೊಪ್ಪಿನ ಸಸಿಗೆ ಮಡಿ ಕಟ್ಟುತ್ತಿದ್ದರು. ಮಡಿಗೆ ಹೊದಿಸಿದ ಹುಲ್ಲು, ಅದರಡಿ ಸಾಸಿವೆಗಿಂತ ಎಷ್ಟೋ ಸಣ್ಣದಾದ ಬೀಜ ಒಡೆದು ಎದ್ದ ಹಸಿರು ಚುಕ್ಕೆಗಳು, ಆಚೆ ದಡದಲ್ಲಿ ಟುಕುಟುಕು ಎನ್ನುವ ಎಂಜಿನ್ನುಗಳು. ನಿಮ್ಮಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿದ್ದರೆ ಆ ಸದ್ದು ಇನ್ನೂ ಕಿವಿಯಲ್ಲಿರಬೇಕು. ನನ್ನ ಕಿವಿಯಲ್ಲೂ ಇದೆ. ಆದರೆ ನನಗೆ ಅದು ಕೇಳಿಸುವುದು ನಡೆಯುವ ಎಂಜಿನ್ನಿನ ಸದ್ದಾಗಿ ಅಲ್ಲ, ನಡೆಯುತ್ತ ನಡೆಯುತ್ತ ಉಸಿರು ಕಟ್ಟಿ ನಿಂತುಹೋಗುವ ಸದ್ದಾಗಿ.

ಮೊಳಕೆ ಎದ್ದ ಮಡಿ ಒಂದು ಹೊತ್ತೂ ಒಣಗುವಂತಿರಲಿಲ್ಲ. ಬೆಳಿಗ್ಗೆ, ನೆತ್ತಿ ಸುಡುವ ಹೊತ್ತಿನಲ್ಲಿ, ಸಂಜೆ, ಹೀಗೆ ನೀರು ಚಿಮುಕಿಸುತ್ತಲೇ ಇರಬೇಕು. ಎಂಜಿನ್ನು ಕೆರೆಯ ನೀರನ್ನು ಎತ್ತಿ ಮೇಲಿನ ಗುಂಡಿಗೆ ತುಂಬುತ್ತಿತ್ತು. ಹೆಂಗಸರು ಗುಂಡಿಯಿಂದ ತೂತಿನ ಡಬ್ಬಗಳಲ್ಲಿ ಮೊಗೆದು ಮಡಿಯ ಮೇಲೆ ಹದವಾಗಿ ಬಿಡುತ್ತಿದ್ದರು. ಸಸಿ ಹೋದರೆ ಆ ವರ್ಷದ ಬೆಳೆಯೇ ಹೋದ ಹಾಗೆ. ನಮ್ಮ ಎಂಜಿನ್ನಿನ ನೀರು ನಮ್ಮ ಮಡಿಗಳಿಗಷ್ಟೇ ಅಲ್ಲ, ಪಕ್ಕದ ನಿಂಗಣ್ಣನ ಮಡಿಗಳಿಗೂ ಹೋಗುತ್ತಿತ್ತು.

ಆ ವರ್ಷ ಎಂಜಿನ್ನು ನಮ್ಮ ರತ್ನಕ್ಕನ ಕೈಯಲ್ಲಿತ್ತು.

ಅಪ್ಪ ಬಿಳಿಕೆರೆಯ ಕಡೆಯಿಂದ ತಂದಿದ್ದ ಹಳೆಯ ಎಂಜಿನ್ನು ಅದು. ಒಂದೇ ಸಿಲಿಂಡರಿನದು. ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಬೇಕು. ಹಿಂದಿನ ವರ್ಷ ಅಪ್ಪ ತಿರುಗಿಸುವಾಗ ಅದು ಹಿಮ್ಮುಖವಾಗಿ ಒದ್ದು, ಹ್ಯಾಂಡಲ್ ಬಲಗೈಗೆ ಬಡಿದು ಮೂಳೆ ಮುರಿದಿತ್ತು. ಮೂಳೆ ಕೂಡಿತು, ಬಲ ಬರಲಿಲ್ಲ. ನಾನಿನ್ನೂ ಏಳನೇ ಕ್ಲಾಸು ಮುಗಿಸಿ ಶಾಲೆ ಬಿಡುವುದರಲ್ಲಿದ್ದ ಪುಳ್ಳೆ. ಅಕ್ಕನಿಗೆ ಹದಿನೇಳೋ ಹದಿನೆಂಟೋ. ಒಂದು ದಿನ ಯಾರನ್ನೂ ಕೇಳದೆ ಲಂಗವನ್ನು ಮೇಲಕ್ಕೆ ಸಿಕ್ಕಿಸಿ, ಸಿಲಿಂಡರಿನ ಒತ್ತಡ ಬಿಡಿಸುವ ಲಿವರನ್ನೆತ್ತಿ, ಹ್ಯಾಂಡಲ್ ಹಿಡಿದು ತಿರುಗಿಸಿಯೇಬಿಟ್ಟಳು. ವೇಗ ಬಂದಾಗ ಲಿವರು ಬಿಟ್ಟಳು. ಎಂಜಿನ್ನು ಕೆಮ್ಮಿ, ಕರಿಹೊಗೆ ಬಿಟ್ಟು, ಹತ್ತಿಕೊಂಡಿತು.

"ಏನಣ್ಣ, ಮಗ್ಳ ಕೈಗೆ ಹ್ಯಾಂಡ್ಲು ಕೊಟ್ಬುಟ್ಟು ನೀನು ಬೀಡಿ ಸೇದ್ಕಂಡ್ ಕೂತಿದ್ದೀಯಲ್ಲ" ಎಂದು ನಿಂಗಣ್ಣ ಕೆಣಕಿದ್ದ.

"ನಿನ್ ಮಗನ್ನ ಕಳ್ಸು ಮತ್ತೆ. ತಿರುಗುಸ್ತಾನಾ ನೋಡ್‌ವ" ಎಂದಿದ್ದ ಅಪ್ಪ. ನಿಂಗಣ್ಣನ ಮಗ ಬಂದು ಎರಡು ಸುತ್ತು ತಿರುಗಿಸಿ, ಸುಸ್ತಾಗಿ, ಹ್ಯಾಂಡಲ್ಲಿನಲ್ಲೇ ಏನೋ ಐಬಿದೆ ಎಂದು ಹೇಳಿ ಹೊರಟುಹೋದ. ಅಪ್ಪ ಆ ಸಂಜೆಯೆಲ್ಲ ನಕ್ಕ.

ತಿರುಗಿಸುವುದು ಬರೀ ತೋಳಿನ ಬಲ. ಅಕ್ಕನಿಗೆ ಅದಕ್ಕಿಂತ ಹೆಚ್ಚಿನದು ಗೊತ್ತಿತ್ತು. ಪಿರಿಯಾಪಟ್ಟಣದ ಫಿಟ್ಟರು ಹಿಂದೆ ಬಂದಾಗಲೆಲ್ಲ ಕಾಫಿ ಕೊಡುವ ನೆಪದಲ್ಲಿ ನಿಂತು ನೋಡಿ ಕಲಿತಿದ್ದಳು. ಡೀಸೆಲ್ಲು ಮೇಲಿನ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿದು ಫಿಲ್ಟರಿಗೆ, ಅಲ್ಲಿಂದ ಡೀಸೆಲ್ ಪಂಪಿಗೆ, ಅಲ್ಲಿಂದ ಅದನ್ನು ಸಿಲಿಂಡರಿನೊಳಕ್ಕೆ ಚಿಮ್ಮಿಸುವ ನಾಜಲ್ಲಿಗೆ ಹೋಗುತ್ತದೆ. ದಾರಿಯಲ್ಲಿ ಎಲ್ಲಾದರೂ ಗಾಳಿ ಸೇರಿದರೆ ಎಂಜಿನ್ನು ಹತ್ತುವುದಿಲ್ಲ. ಆಗ ಫಿಲ್ಟರಿನ ತಲೆಯ ಬೋಲ್ಟನ್ನು ಸ್ವಲ್ಪ ಸಡಿಲಿಸಬೇಕು. ಡೀಸೆಲ್ಲು ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತದೆ. ಗುಳ್ಳೆ ನಿಂತು ತಿಳಿಯಾಗಿ ಹರಿದಾಗ ಬಿಗಿಯಬೇಕು. ಆಮೇಲೆ ಪಂಪಿನ ಹತ್ತಿರ. ಕೊನೆಗೆ ನಾಜಲ್ಲಿನ ಪೈಪು. ಎಲ್ಲ ಸರಿಯಾಗಿದ್ದರೆ ಹ್ಯಾಂಡಲ್ ತಿರುಗಿಸುವಾಗ ನಾಜಲ್ಲಿನೊಳಗಿಂದ ಕಿರ್ರ್ ಕಿರ್ರ್ ಎಂದು ಸದ್ದು ಬರುತ್ತದೆ.

"ಕಿವಿ ಕೊಟ್ ಕೇಳ್ಲಾ ಕಿಟ್ಟ" ಎನ್ನುತ್ತಿದ್ದಳು. "ಮಾತಾಡ್ತೈತೆ ನೋಡು. ಈಗ ಹತ್ಕತದೆ."

ಹತ್ತಿಕೊಳ್ಳುತ್ತಿತ್ತು. ಮಧ್ಯಾಹ್ನ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಕೊಟ್ಟರೆ ಅದರಲ್ಲೂ ಡೀಸೆಲ್ಲಿನ ಘಮ. ರಾತ್ರಿಯ ಮುದ್ದೆಯಲ್ಲೂ ಅದೇ. "ಈ ಹುಡ್ಗಿ ಕೈ ತೊಳೆಯೋಕೆ ಒಂದ್ ಮಣ ಸೀಗೆಪುಡಿ ಬೇಕು ಕಣವ್ವ" ಎಂದು ಅವ್ವ ಗೊಣಗುತ್ತಿದ್ದಳು. ಅಕ್ಕ ತನ್ನ ಅಂಗೈ ಮೂಸಿ ನೋಡಿ ನಗುತ್ತಿದ್ದಳು.

ನನಗೆ ಆ ನಗು ಹಿಡಿಸುತ್ತಿರಲಿಲ್ಲ. ಎಂಜಿನ್ನಿನ ಹತ್ತಿರ ನನಗಿದ್ದ ಕೆಲಸ ಒಂದೇ. ಅವಳು "ಡೀಸೆಲ್ ನೋಡ್ಲಾ" ಎಂದಾಗ ಟ್ಯಾಂಕಿನ ಮುಚ್ಚಳ ತೆಗೆದು, ತೆಂಗಿನಗರಿಯ ಕಡ್ಡಿ ಇಳಿಸಿ, ಎಲ್ಲಿಯವರೆಗೆ ನೆನೆದಿದೆ ಎಂದು ಹೇಳುವುದು. ಹ್ಯಾಂಡಲ್ ಕೇಳಿದರೆ "ಕೈ ಮುರ್ಕತೀಯ, ಓಗು" ಎನ್ನುವಳು. ಸ್ಪ್ಯಾನರು ಮುಟ್ಟಿದರೆ ಕಣ್ಣು ಬಿಡುವಳು. ಕೆರೆಯಂಗಳದಲ್ಲಿ ಚಿನ್ನಿದಾಂಡು ಆಡುವಾಗ ಹುಡುಗರು ನನಗೊಂದು ಹೆಸರಿಟ್ಟಿದ್ದರು.

"ಲೇ ಕಡ್ಡಿ ಕಿಟ್ಟ, ನಿಮ್ಮಕ್ಕ ಕರೀತಾವ್ಳೆ. ಓಗು, ಕಡ್ಡಿ ಅದ್ದು!"

ನಾನು ಹೊಡೆಯಲು ಹೋಗಿ ಹೊಡೆಸಿಕೊಂಡು ಬರುತ್ತಿದ್ದೆ. ಸಿಟ್ಟು ಅವರ ಮೇಲಿಗಿಂತ ಅಕ್ಕನ ಮೇಲೆ ಉಳಿಯುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಎಂಜಿನ್ನು ಬಿಳಿಹೊಗೆ ಬಿಟ್ಟು ತಡವರಿಸಿತು. ಅಕ್ಕ ಫಿಲ್ಟರಿನ ಅಡಿಯ ಬೋಲ್ಟು ಬಿಚ್ಚಿ ಒಂದು ಲೋಟಕ್ಕೆ ಇಳಿಸಿ ತೋರಿಸಿದಳು. ಕೆಳಗೆ ನೀರು, ಮೇಲೆ ಡೀಸೆಲ್ಲು, ಎರಡೂ ಬೇರೆ ಬೇರೆಯಾಗಿ ನಿಂತಿದ್ದವು. ಡಬ್ಬದಲ್ಲಿ ಎಲ್ಲೋ ನೀರು ಸೇರಿತ್ತು. "ಇದಕ್ಕೆ ನೀರು ಇಸ ಇದ್ದಂಗೆ ಕಣ್ಲಾ. ಒಂದ್ ತೊಟ್ಟೂ ಸೇರ್ಬಾರ್ದು" ಎಂದಳು. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಅಶ್ವಿನಿ ಮಳೆಯ ಮೊದಲ ಮೋಡ ಎದ್ದ ಸಂಜೆ. ಗಾಳಿ ಎದ್ದು ಧೂಳು ಕಣ್ಣು ಬಿಡಗೊಡಲಿಲ್ಲ. ದಪ್ಪ ಹನಿ ಬಿದ್ದರೆ ಎಳೆಯ ಸಸಿ ಕೊಚ್ಚಿಹೋಗುತ್ತದೆಂದು ಎಲ್ಲರೂ ಮಡಿ ಹೊದಿಸಲು ಓಡಿದರು. "ಎಂಜಿನ್ನಿಗೆ ಗೋಣಿ ಮುಚ್ಲಾ ಕಿಟ್ಟ!" ಎಂದು ಅಕ್ಕ ಓಡುತ್ತಲೇ ಕೂಗಿದಳು. ಮುಚ್ಚಲು ಹೋದೆ. ಆಗ ಕಣ್ಣಿಗೆ ಬಿತ್ತು. ಟ್ಯಾಂಕಿನ ಮುಚ್ಚಳದ ನಡುವೆ ಒಂದು ಸಣ್ಣ ತೂತು. ಸೂಜಿ ಹೋಗುವಷ್ಟು. ದಿನಾ ಕೈಯಾರೆ ತೆಗೆಯುತ್ತಿದ್ದ ಮುಚ್ಚಳ, ಅಲ್ಲೊಂದು ತೂತಿದೆ ಎಂದು ನೋಡಿಯೇ ಇರಲಿಲ್ಲ. ಮಳೆ ಬಂದರೆ ನೀರು ಇಲ್ಲಿಂದಲೇ ಒಳಗೆ ಹೋಗುತ್ತದೆ. ಮೊನ್ನೆ ಹೋಗಿದ್ದೂ ಇಲ್ಲಿಂದಲೇ ಇರಬೇಕು. ಅಕ್ಕನಿಗೂ ಗೊತ್ತಾಗದ್ದು ನನಗೆ ಗೊತ್ತಾಯಿತು!

ಟ್ಯಾಂಕಿನ ಬೆಸುಗೆ ಸೋರುವ ಕಡೆ ಅಕ್ಕ ಬಟ್ಟೆ ಸೋಪನ್ನು ನಾದಿ ಮೆತ್ತುತ್ತಿದ್ದಳು. ಡೀಸೆಲ್ಲಿಗೆ ಸೋಪು ಕರಗುವುದಿಲ್ಲ, ಕಲ್ಲಿನ ಹಾಗೆ ಕೂರುತ್ತದೆ. ಅದರ ಒಂದು ತುಂಡು ಸ್ಪ್ಯಾನರುಗಳ ಜೊತೆ ಸದಾ ಇರುತ್ತಿತ್ತು. ನಾನೂ ಚೂರು ಮುರಿದು, ಉಗುಳು ಹಾಕಿ ನಾದಿ, ತೂತಿಗೆ ಒತ್ತಿ, ಎಣ್ಣೆಬಟ್ಟೆಯಿಂದ ಮೇಲೆ ಒರೆಸಿಬಿಟ್ಟೆ. ಅಲ್ಲೊಂದು ತೂತಿತ್ತೆಂದು ಯಾರೂ ಹೇಳುವಂತಿರಲಿಲ್ಲ. ಹೇಳಿದರೆ "ನನ್ನ ಕೇಳ್ದೆ ಯಾಕ್ ಮುಟ್ಟಿದೆ" ಎಂದಾಳೆಂದು ಹೇಳಲಿಲ್ಲ.

ಮಳೆ ನಾಲ್ಕು ಹನಿ ಉದುರಿಸಿ ಹುಣಸೂರಿನ ಕಡೆ ಹೋಯಿತು. ಮರುದಿನ ಬಿಸಿಲು ಇನ್ನಷ್ಟು ಖಾರವಾಗಿತ್ತು.

ಎಂಜಿನ್ನು ಎಂದಿನಂತೆ ಹತ್ತಿತು. ಗುಂಡಿ ಕಾಲುಭಾಗ ತುಂಬುವುದರೊಳಗೆ ಸದ್ದು ಬದಲಾಯಿತು. ಏರುತ್ತ, ಇಳಿಯುತ್ತ, ಏದುಸಿರು ಬಿಟ್ಟಂತೆ ಮಾಡಿ ನಿಂತಿತು.

"ಡೀಸೆಲ್ ನೋಡ್ಲಾ."

ಮುಚ್ಚಳ ತೆಗೆದು ಕಡ್ಡಿ ಇಳಿಸಿದೆ. "ಅರ್ಧ ಐತೆ."

"ಏರ್ ಹಿಡ್ಕಂಡೈತೆ ಅಂಗಾರೆ" ಎಂದು ಅಕ್ಕ ಗಾಳಿ ತೆಗೆದಳು. ಗುಳ್ಳೆಯೇನೂ ಹೆಚ್ಚಿರಲಿಲ್ಲ. ನಾಜಲ್ಲು ಕಿರ್ರ್ ಎಂದಿತು. ಎಂಜಿನ್ನು ಹತ್ತಿತು. ಮತ್ತೆ ಅಷ್ಟೇ ಹೊತ್ತು ನಡೆದು ನಿಂತಿತು.

ಆ ದಿನ, ಮಾರನೆಯ ದಿನ, ಅದರ ಮಾರನೆಯ ದಿನ ಇದೇ ಪಾಡು. ಅಕ್ಕ ಒಂದೊಂದನ್ನೇ ಹಿಡಿದು ನೋಡುತ್ತ ಹೋದಳು. ಫಿಲ್ಟರು ಬಿಚ್ಚಿ ಒಳಗಿನ ಬಟ್ಟೆಯನ್ನು ಡೀಸೆಲ್ಲಿನಲ್ಲೇ ತೊಳೆದಳು. ಅಡಿಯಲ್ಲಿ ನೀರಿದೆಯೇ ಎಂದು ಲೋಟಕ್ಕೆ ಇಳಿಸಿದಳು, ಇರಲಿಲ್ಲ. ಪೈಪು ಬಿಚ್ಚಿ ಬಾಯಿಟ್ಟು ಊದಿದಳು, ಬಾಯಿಯೆಲ್ಲ ಡೀಸೆಲ್ಲು. ತಾಮ್ರದ ವಾಷರುಗಳನ್ನು ಕೆಂಡದಲ್ಲಿ ಕಾಯಿಸಿ ಮೆದು ಮಾಡಿ ಮತ್ತೆ ಕೂರಿಸಿದಳು. ಪಂಪಿನ ಬಳಿ ಪೈಪು ಕಳಚಿ ಹಿಡಿದರೆ ಡೀಸೆಲ್ಲು ದಾರದಂತೆ ಧಾರಾಳವಾಗಿ ಬೀಳುತ್ತಿತ್ತು.

"ಚೆನ್ನಾಗ್ ಬತ್ತೈತಲ್ಲ! ಇಲ್ ಬಂದಿದ್ದು ಒಳಕ್ ಯಾಕ್ ಓಯ್ತಿಲ್ಲ?" ಎಂದು ತನಗೆ ತಾನೇ ಕೇಳಿಕೊಳ್ಳುವಳು.

ಬೀಳದೆ ಏನು? ನಿಂತಕೂಡಲೇ ಮುಚ್ಚಳ ತೆಗೆದು ಕಡ್ಡಿ ಇಳಿಸುವವನು ನಾನು. ಅವಳು ಪರೀಕ್ಷೆ ಮಾಡುವಾಗೆಲ್ಲ ಮುಚ್ಚಳ ತೆರೆದೇ ಇರುತ್ತಿತ್ತು. ಎಂಜಿನ್ನು ಹತ್ತಿದ ಮೇಲೆ ಧೂಳು ಬೀಳದಿರಲೆಂದು ಭದ್ರವಾಗಿ ತಿರುಗಿಸಿ ಮುಚ್ಚುತ್ತಿದ್ದವನೂ ನಾನೇ.

ಅಷ್ಟರಲ್ಲಿ ಮಡಿಗಳು ಬಾಡತೊಡಗಿದವು. ಅವ್ವ, ನಿಂಗಣ್ಣನ ಹೆಂಡತಿ ಚಿಕ್ಕತಾಯಮ್ಮ, ಇಬ್ಬರೂ ಕೊಡಗಳಲ್ಲಿ ಕೆರೆಯ ಕೆಸರು ತುಳಿದು ನೀರು ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡರು. ಏರಿಯ ಪಕ್ಕದ ಮಡಿಗಳಲ್ಲಿ ಹಸಿರು ಚುಕ್ಕೆಗಳು ಹಳದಿಗೆ ತಿರುಗಿದವು. ಅಪ್ಪ ಪಿರಿಯಾಪಟ್ಟಣಕ್ಕೆ ಹೋಗಿ ಬಂದ. ಎಲ್ಲರ ಎಂಜಿನ್ನೂ ಓಡುವ ಕಾಲ, ಫಿಟ್ಟರಿಗೆ ಬಿಡುವಿರಲಿಲ್ಲ. ಅಪ್ಪ ಬೀಡಿ ಹಚ್ಚುವುದು, ಅರ್ಧಕ್ಕೇ ಎಸೆಯುವುದು, ಮಡಿಗೆ ಹೋಗುವುದು, ವಾಪಸು ಬರುವುದು.

ನನಗೆ ಗೊತ್ತಾಗಿದ್ದು ಆಗಲೇ.

ಅಂದು ಎಂಜಿನ್ನು ನಿಂತಾಗ ಮುಚ್ಚಳ ತಿರುಗಿಸಿದರೆ ಅದು ಅಂಟಿಕೊಂಡ ಹಾಗಿತ್ತು. ಎಳೆದಾಗ "ಸುಸ್ಸ್" ಎಂದು ಒಳಕ್ಕೆ ಉಸಿರು ಎಳೆದುಕೊಂಡ ಸದ್ದು. ಹಿಂದಿನ ದಿನವೂ ಆಗಿತ್ತು, ಲಕ್ಷ್ಯ ಕೊಟ್ಟಿರಲಿಲ್ಲ. ಅಕ್ಕ ಅತ್ತ ನಾಜಲ್ಲಿನ ಬಳಿ ಬಗ್ಗಿದ್ದಳು, ಅವಳಿಗೆ ಕೇಳಿಸಲಿಲ್ಲ. ಪರಂಗಿ ಎಲೆಯ ದಂಟನ್ನು ನೀರಿನಲ್ಲಿ ಅದ್ದಿ, ಮೇಲಿನ ತುದಿಗೆ ಬೆರಳಿಟ್ಟು ಎತ್ತುವ ಆಟ ನಾವೆಲ್ಲ ಆಡಿದ್ದೇವಲ್ಲ. ಬೆರಳಿಟ್ಟಿರುವ ತನಕ ನೀರು ಕೆಳಗೆ ಬೀಳುವುದಿಲ್ಲ. ಬೆರಳು ತೆಗೆದರೆ ಸುರಿಯುತ್ತದೆ. ಮುಚ್ಚಳ ಕೈಯಲ್ಲಿ ಹಿಡಿದು ನಿಂತಿದ್ದವನಿಗೆ ಅದು ನೆನಪಾಯಿತು. ಆ ತೂತು ಇದ್ದದ್ದೇ ಗಾಳಿ ಒಳಗೆ ಬರಲೆಂದು. ಒಳಗೆ ಗಾಳಿ ಬಂದರಲ್ಲವೇ ಡೀಸೆಲ್ಲು ಕೆಳಗಿಳಿಯುವುದು? ನಾನು ಟ್ಯಾಂಕಿನ ಮೇಲೆ ಬೆರಳಿಟ್ಟಿದ್ದೆ.

ಹೇಳಬೇಕೆಂದೇ ತಿರುಗಿದೆ. ಸುಳ್ಳಲ್ಲ. "ಅಕ್ಕ" ಎಂದು ಬಾಯಿ ತೆರೆದಿದ್ದೆ.

ಆದರೆ ಚಿಕ್ಕತಾಯಮ್ಮ ಕೊಡ ಇಳಿಸಿ ಸೊಂಟಕ್ಕೆ ಕೈಯಿಟ್ಟು ಅಲ್ಲಿಗೆ ಬಂದಿದ್ದಳು. ಅವಳು ಕೆಟ್ಟವಳಲ್ಲ. ಅವಳ ಮಡಿಗಳು ನಮ್ಮವಕ್ಕಿಂತ ಹೆಚ್ಚು ಒಣಗಿದ್ದವು.

"ರತ್ನಿ, ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ನೀನು ಒಳ್ಗಿದ್ದೀಯೋ, ಹೊರ್ಗಾಗಿದ್ದೀಯೋ?"

ನಮ್ಮ ಕಡೆ ತಿಂಗಳಿನ ಆ ದಿನಗಳಲ್ಲಿ ಹೆಂಗಸರು ಸಸಿಮಡಿಗೆ ಕಾಲಿಡುತ್ತಿರಲಿಲ್ಲ, ಸಸಿ ಸೀದುಹೋಗುತ್ತದೆ ಎಂಬ ನಂಬಿಕೆ. ಎಂಜಿನ್ನಿಗೂ ಅದೇ ಕಟ್ಟು. ಮೊದಲ ಸಲ ನೀರೆತ್ತುವ ದಿನ ಅದಕ್ಕೆ ಗಂಗೆಯ ಪೂಜೆ ಮಾಡಿ, ಅರಿಶಿನದ ದಾರ ಕಟ್ಟಿ, ಕಾಯಿ ಒಡೆದಿರುತ್ತಿದ್ದರು.

ಅಕ್ಕನ ಕೈಯಲ್ಲಿ ಸ್ಪ್ಯಾನರು ಇತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಹೇಳವ್ವ" ಎಂದಳು ನಮ್ಮವ್ವ.

"ನಾನ್ ತಿರುಗಿಸ್ದಿದ್ರೆ ಇನ್ಯಾರ್ ತಿರುಗುಸ್ತಿದ್ರು? ಸಸಿ ಒಣಗೋಯ್ತಿತ್ತು" ಎಂದಳು ಅಕ್ಕ. ಅಷ್ಟೇ. ಅಷ್ಟರಲ್ಲೇ ಎಲ್ಲ ಇತ್ತು.

"ಅಯ್ಯೋ ಗಂಗಮ್ಮ" ಎಂದು ಅವ್ವ ನೆಲಕ್ಕೆ ಕೂತಳು. ಚಿಕ್ಕತಾಯಮ್ಮ, "ನಾನ್ ಅನ್ಕಂಡೆ. ಆ ದಿನದಿಂದ್ಲೇ ಅಲ್ವಾ ನಿಂತಿದ್ದು?" ಎಂದಳು. ಅಕ್ಕ ಲೆಕ್ಕ ಹಾಕುವುದು ಅವಳ ಕಣ್ಣಲ್ಲೇ ಕಾಣುತ್ತಿತ್ತು. ಹೌದು, ಅದೇ ದಿನವಾಗಿತ್ತು. ಮೋಡ ಕಟ್ಟಿದ ಮರುದಿನ. ಅವಳು ಹೊರಗಾದದ್ದೂ, ನಾನು ಸೋಪು ಮೆತ್ತಿದ್ದೂ ಒಂದರ ಪಕ್ಕ ಒಂದು ಬಿದ್ದಿದ್ದವು.

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನ ಕೈಯಿಂದ ಸ್ಪ್ಯಾನರು ತೆಗೆದುಕೊಂಡ.

"ಬುಡು ಮಗ. ಇನ್ಮೇಲೆ ಮುಟ್ಬ್ಯಾಡ" ಎಂದ. ಆಮೇಲೆ ನನ್ನ ಕಡೆ ನೋಡಿದ. "ಕಿಟ್ಟ, ನಾಳಿಕ್ಕೆ ಹ್ಯಾಂಡ್ಲು ನೀನ್ ಹಿಡ್ಕ. ನಾನ್ ಲಿವರು ಬುಡ್ತೀನಿ. ಗಂಡ್ ಹುಡ್ಗ, ತಿರುಗುಸ್ತೀಯ."

ಎಷ್ಟು ದಿನದಿಂದ ಕಾದಿದ್ದ ಮಾತು ಅದು. ಬಾಯಿ ಮುಚ್ಚಿಕೊಂಡಿತು.

ಮಧ್ಯಾಹ್ನ ಎಲ್ಲರೂ ಉಣ್ಣಲು ಹೋಗಿದ್ದಾಗ ಒಬ್ಬನೇ ಬಂದೆ. ಬಿಸಿಲಿಗೆ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಜಾಲಿಮುಳ್ಳು ಮುರಿದುಕೊಂಡು ತೂತಿನಿಂದ ಸೋಪನ್ನು ಚುಚ್ಚಿ ಚುಚ್ಚಿ ತೆಗೆದೆ. ಒಳಗೆ ಬೀಳದ ಹಾಗೆ, ಒಂದು ಚೂರೂ ಉಳಿಯದ ಹಾಗೆ. ತೆಗೆದದ್ದನ್ನು ಕೆರೆಗೆ ಎಸೆದೆ. ಆಗಲಾದರೂ ಓಡಿಹೋಗಿ ಹೇಳಬಹುದಿತ್ತು. ತೂತು ತೆರೆದದ್ದು ಸಸಿ ಉಳಿಯಲೆಂದು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜ. ನಾಳೆ ನನ್ನ ಕೈಯಲ್ಲಿ ಎಂಜಿನ್ನು ನಿಲ್ಲಬಾರದು ಎಂಬುದು ಅದಕ್ಕಿಂತ ದೊಡ್ಡ ನಿಜ.

ಮಾರನೆಯ ಬೆಳಿಗ್ಗೆ ಅಪ್ಪ ಎಂಜಿನ್ನನ್ನು ತೊಳೆದು ಹೊಸ ದಾರ ಕಟ್ಟಿದ. ನಾನು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಹಲ್ಲು ಕಚ್ಚಿ ತಿರುಗಿಸಿದೆ. ಅಪ್ಪ ಎಡಗೈಯಲ್ಲಿ ಲಿವರು ಬಿಟ್ಟ. ಹತ್ತಲಿಲ್ಲ. ಇನ್ನೊಮ್ಮೆ. ಮೂರನೆಯ ಸಲಕ್ಕೆ ಹತ್ತಿತು. ಎಲ್ಲರೂ ಗುಂಡಿಯನ್ನೇ ನೋಡುತ್ತ ನಿಂತರು. ಗುಂಡಿ ಕಾಲುಭಾಗ ತುಂಬಿತು, ಅರ್ಧ ತುಂಬಿತು, ಅಂಚು ಮೀರಿ ಹರಿಯಿತು. ಎಂಜಿನ್ನು ನಿಲ್ಲಲಿಲ್ಲ.

"ಕಂಡ್ಯಾ! ಎಣ್ ಕೈ ಬುಡ್ತು, ಎಂಜಿನ್ನು ಓಡ್ತು" ಎಂದ ನಿಂಗಣ್ಣ. "ಭೇಷ್ ಕಣ್ಲಾ ಕಿಟ್ಟಣ್ಣ!" ಕಡ್ಡಿ ಕಿಟ್ಟ ಕಿಟ್ಟಣ್ಣನಾದೆ. ಅವ್ವ ನನ್ನ ತಲೆ ನೇವರಿಸಿ ನೆಟಿಗೆ ಮುರಿದಳು.

ಅಕ್ಕ ದೂರದಲ್ಲಿ, ಏರಿಯ ಮೇಲಿನ ಹೊಂಗೆಮರದ ಕೆಳಗೆ ನಿಂತಿದ್ದಳು. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಅವಳು ಅಳುತ್ತಿರಲಿಲ್ಲ. ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳುತ್ತಿದ್ದಳು. ನಿಲ್ಲುತ್ತದೋ ಎಂದು ಕಾಯುತ್ತಿದ್ದಳೋ, ನಿಲ್ಲದಿರಲಿ ಎಂದೋ, ನನಗೆ ಇವತ್ತಿಗೂ ತಿಳಿಯದು. ಅದು ನಿಲ್ಲದೆ ಓಡಿದ ಒಂದೊಂದು ಗಳಿಗೆಯೂ ಅವಳ ಕೈಯ ಮೇಲೆ ಹೇರಿದ ಮಾತನ್ನು ಗಟ್ಟಿ ಮಾಡುತ್ತಿತ್ತು ಎಂಬುದು ಮಾತ್ರ ಈಗ ತಿಳಿಯುತ್ತದೆ.

ಭರಣಿ ಮಳೆ ಹತ್ತಿರ ಬಂದಾಗ ಒಂದು ದಿನ ನನ್ನ ಗಮನ ತಪ್ಪಿ ಟ್ಯಾಂಕಿನ ಡೀಸೆಲ್ಲು ಪೂರಾ ಖಾಲಿಯಾಯಿತು. ತುಂಬಿಸಿ ತಿರುಗಿಸಿದೆ, ಹತ್ತಲೊಲ್ಲದು. ಈ ಸಲ ನಿಜವಾಗಿ ಗಾಳಿ ಸೇರಿತ್ತು. ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಎಂದು ನನಗೆ ಸರಿಯಾಗಿ ಬಾರದು. ಅಪ್ಪ ಊರಲ್ಲಿರಲಿಲ್ಲ. ಅಕ್ಕ ಏರಿಯ ಮೇಲೆ ಸೌದೆ ಆರಿಸುತ್ತಿದ್ದಳು.

"ಅಕ್ಕ, ಒಸಿ ಬಾರೆ!"

"ನಾನ್ ಬರಲ್ಲ ಕಣ್ಲಾ."

"ಈಗ ನೀನ್ ಒಳ್ಗಿದ್ದೀಯಲ್ಲ. ಏನಾಗಲ್ಲ ಬಾ."

"ಬ್ಯಾಡ ಕಣಪ್ಪ. ನನ್ ಕೈ ಆಗಿಬರಲ್ಲ. ಇಲ್ಲಿಂದ್ಲೇ ಹೇಳ್ತೀನಿ, ನೀನ್ ಮಾಡು."

ಅವಳು ಏರಿಯ ಮೇಲಿನಿಂದ ಕೂಗಿ ಕೂಗಿ ಹೇಳಿದಳು. ಫಿಲ್ಟರಿನ ತಲೆ. ಬಿಚ್ಬ್ಯಾಡ, ಸಡ್ಲ ಮಾಡು. ಗುಳ್ಳೆ ಬತ್ತೈತಾ? ಬರ್ಲಿ. ತಿಳಿ ಆಯ್ತಾ? ಬಿಗಿ. ಈಗ ಪಂಪು. ನಾನು ಮಾಡುತ್ತ ಹೋದೆ. ನಾಜಲ್ಲು ಕಿರ್ರ್ ಎಂದದ್ದು ಎಂಜಿನ್ನಿಗೆ ಬಗ್ಗಿದ್ದ ನನಗಿಂತ ಮೊದಲು ಅಲ್ಲಿ ನಿಂತ ಅವಳಿಗೆ ಕೇಳಿಸಿತೇನೋ, "ಈಗ ಲಿವರು ಬುಡು!" ಎಂದು ಕೂಗಿದಳು. ಎಂಜಿನ್ನು ಹತ್ತಿತು. ತಿರುಗಿ ನೋಡಿದೆ. ಸೌದೆಯ ಹೊರೆ ತಲೆಗಿಟ್ಟು ಆಗಲೇ ಊರಿನ ಕಡೆ ನಡೆದಿದ್ದಳು. ನಾನು ಹಿಂದೆ ಓಡಬೇಕಿತ್ತು. ಎಂಜಿನ್ನು ಬಿಟ್ಟು ಹೋಗುವ ಹಾಗಿರಲಿಲ್ಲ ಎಂದು ಇಷ್ಟು ವರ್ಷ ಸಬೂಬು ಹೇಳಿಕೊಂಡಿದ್ದೇನೆ.

ಆಮೇಲೆ ಅಕ್ಕನಿಗೆ ಮದುವೆಯಾಯಿತು, ಕೆ.ಆರ್. ನಗರದ ಆಚೆ, ಭೇರ್ಯದ ಹತ್ತಿರದ ಊರಿಗೆ. ಅಪ್ಪ, ಅವ್ವ ಇಬ್ಬರೂ ತೀರಿಹೋದರು. ಕೆರೆಯಂಗಳಕ್ಕೆ ಕರೆಂಟು ಬಂದು, ಎಂಜಿನ್ನು ಗುಜರಿಗೆ ಹೋಯಿತು. ಅಕ್ಕನ ಎದುರು ಕೂತು ಊಟ ಮಾಡುವಾಗ, ಅವಳು ಹಬ್ಬಕ್ಕೆ ಬಂದು ಹೊರಡುವಾಗ, ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಕಾಣುವಾಗ ಆ ತೂತಿನ ಮಾತು ಬಾಯಿಗೆ ಬಂದು ಬಂದು ವಾಪಸಾಗುತ್ತಿತ್ತು.

ಕಳೆದ ಅವರೆಕಾಯಿ ಕಾಲದಲ್ಲಿ ಅವಳ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಇಬ್ಬರೂ ಕಾಯಿ ಸುಲಿಯುತ್ತ ಕೂತಿದ್ದೆವು. ಕೈತುಂಬ ಅವರೆಯ ಸೊಗಡು. ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟೆ.

ಅವಳ ಬೆರಳು ನಿಲ್ಲಲಿಲ್ಲ. "ಯಾವ್ ತೂತು?" ಎಂದಳು.

"ಟ್ಯಾಂಕಿನ ಮುಚ್ಚಳದ್ದು."

"ತೆಗ್ದಾಗ ಸದ್ ಬತ್ತಿತ್ತಾ?"

"ಬತ್ತಿತ್ತು. ನೀನ್ ನಾಜಲ್ ಹತ್ರ ಇದ್ದೆ."

ಸ್ವಲ್ಪ ಹೊತ್ತು ಸುಲಿದಳು. "ಅಂಗಾರೆ ಫಿಲ್ಟರು ಸರಿಯಾಗೇ ಇತ್ತು."

"ಇತ್ತು ಕಣಕ್ಕ."

"ವಾಷರು?"

"ಅದೂ ಸರಿಯಾಗಿತ್ತು."

"ನನ್ ಕೈನೂ" ಎಂದಳು.

ಅವಳು ಮೊರದ ಮೇಲಿನ ಕಾಳುಗಳನ್ನು ಅಂಗೈಯಲ್ಲಿ ಒತ್ತಟ್ಟಿಗೆ ಮಾಡಿದಳು, ಮತ್ತೆ ಹರಡಿದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿ ಎಂದು ಬೇಡಿಕೊಂಡೆ.

"ಸವಿತ ಐ.ಟಿ.ಐ. ಸೇರ್ತೀನಿ ಅಂದಿದ್ಲು" ಎಂದಳು. ಸವಿತ ಅವಳ ಒಬ್ಬಳೇ ಮಗಳು. "ಡೀಸೆಲ್ ಮೆಕ್ಯಾನಿಕ್ಕು ಕಲೀತೀನಿ ಅಂತ. ಸೀಟೂ ಸಿಕ್ಕಿತ್ತು. ಅವ್ರಪ್ಪ ಹೂಂ ಅಂದ್ರು. ನಾನೇ ಬ್ಯಾಡ ಅಂದೆ. ನಮ್ಮನೆ ಎಣ್ ಮಕ್ಳ ಕೈ ಮಿಷಿನ್ನಿಗೆ ಆಗಿಬರಲ್ಲ ಕಣವ್ವ, ನಾನ್ ಕಂಡಿವ್ನಿ ಅಂದೆ. ಎರಡ್ ದಿನ ಉಣ್ನಿಲ್ಲ ಅವ್ಳು. ಆದ್ರೂ ಬುಡ್ನಿಲ್ಲ ನಾನು."

ಆಮೇಲೆ ನನ್ನ ಮುಖ ನೋಡಿದಳು.

"ನಂಗ್ ಹೇಳ್ದೆ, ಸರಿ. ಅವ್ಳಿಗೂ ನೀನೇ ಹೋಗ್ ಹೇಳು. ನನ್ ಕೈಲಿ ಆಗಲ್ಲ."

ಈಗ ಆ ಕೆರೆಯಂಗಳದಲ್ಲಿ ಡೀಸೆಲ್ಲಿನ ವಾಸನೆ ಇಲ್ಲ. ಮಡಿ ಕಟ್ಟುವ ರೀತಿಯೂ ಬದಲಾಗಿದೆ, ಸಸಿಗಳು ಪ್ಲಾಸ್ಟಿಕ್ಕಿನ ಟ್ರೇಗಳಲ್ಲಿ ಏಳುತ್ತವೆ. ಸ್ವಿಚ್ಚು ಒತ್ತಿದರೆ ನೀರು. ನನ್ನ ವಾರಿಗೆಯವರು ಸೇರಿದಾಗ ಆ ಸದ್ದು, ಆ ಬೇಸಿಗೆ, ಅವೆಲ್ಲ ಹೋದವಲ್ಲ ಎಂದು ಮರುಗುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರು ಹೇಳುವ ಪಟ್ಟಿಯಲ್ಲಿ ನಾನು ಕಳೆದದ್ದು ಇರುವುದಿಲ್ಲ. ಕಿರ್ರ್ ಎಂಬ ಸದ್ದಿಗೆ ಹಿಗ್ಗುತ್ತಿದ್ದ ಒಬ್ಬ ಹುಡುಗಿ. ಆಮೇಲೆ, ಸ್ಪ್ಯಾನರು ಹಿಡಿದದ್ದನ್ನು ನಾನು ನೋಡಿಯೇ ಇರದ ಅವಳ ಮಗಳು.

ಹೋದ ವಾರ ಸವಿತಳ ಗಂಡನ ಮನೆಗೆ ಹೋದೆ, ಕೆ.ಆರ್. ನಗರಕ್ಕೆ. ಅವಳು ಒಲೆಯ ಮುಂದೆ ನಿಂತಿದ್ದಳು. ಸೊಂಟದಲ್ಲಿ ಮಗು, ಹೆಣ್ಣು ಮಗು. ನಾನು ನಿಂತಲ್ಲೇ ಎಲ್ಲ ಹೇಳಿದೆ, ತೂತು, ಸೋಪು, ಅವಳಮ್ಮ ಏರಿಯ ಮೇಲೆ ನಿಂತದ್ದು. ಹಾಲು ಉಕ್ಕಿ ಬಂದಾಗ ಒಲೆ ಆರಿಸಿದಳು. ಮಗುವನ್ನು ಸೊಂಟದ ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗಿಸಿ ಕೂರಿಸಿಕೊಂಡಳು.

"ಈಗ ನಾನ್ ಇದ್ನ ಏನ್ ಮಾಡ್ಲಿ ಮಾವ?" ಎಂದಳು.